ಬೆಲ್ಲ ಕುಡಿದ ಬಚ್ಚಲು

"ಗಾರೆ ಕೆಲಸ ಅಂದ್ರೆ ಅದೇನು ಬ್ರಹ್ಮವಿದ್ಯೆನಾ? ಕಲ್ಸದು, ಬಳಿಯದು, ಬಿಲ್ಲೆ ಮಡಗದು, ಅಷ್ಟೇ ತಾನೆ! ನಾನೇ ಮಾಡ್ತೀನಿ!"

ಚಾಮರಾಜನಗರದ ಬೆಲ್ಲದ ಮಂಡಿ ಗಂಗಾಧರಸ್ವಾಮಿಯವರು ನಡುಮನೆಯಲ್ಲಿ ನಿಂತು, ಎಡಗೈಯನ್ನು ಸೊಂಟದ ಮೇಲಿಟ್ಟು, ಬಲಗೈಯನ್ನು ಸೂರಿನತ್ತ ಎತ್ತಿ ಹೀಗೆ ಘೋಷಿಸಿದಾಗ ಅವರ ಹೆಂಡತಿ ಪುಟ್ಟಮಲ್ಲಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ಇಂಥ ಘೋಷಣೆಗಳನ್ನು ಆಕೆ ಮದುವೆಯಾದಾಗಿನಿಂದ ಕೇಳುತ್ತಲೇ ಬಂದಿದ್ದರು. "ನಾನೇ ಮಾಡ್ತೀನಿ" ಎಂದು ಸ್ವಾಮಿಯವರು ಗೋಡೆ ಗಡಿಯಾರ ಬಿಚ್ಚಿದ್ದರು. ಅದು ಈಗ ಬಿಸ್ಕತ್ತಿನ ಡಬ್ಬದೊಳಗೆ ಚೂರುಚೂರಾಗಿ ವಿಶ್ರಾಂತಿ ಪಡೆಯುತ್ತಿದೆ. "ನಾನೇ ಮಾಡ್ತೀನಿ" ಎಂದು ಬಾವಿಯ ರಾಟೆಗೆ ಎಣ್ಣೆ ಬಿಡಲು ಹೋಗಿದ್ದರು, ರಾಟೆ ಬಾವಿಯೊಳಗಿದೆ.

"ರಾಚಯ್ಯನ್ನೇ ಇನ್ನೊಂದ್ಸಲ ಕರೆಸಿ. ಸಿಟ್ಟು ಬುಡಿ," ಎಂದರು ಪುಟ್ಟಮಲ್ಲಮ್ಮ.

"ಆ ಮನುಷ್ಯನ ಹೆಸರು ಈ ಮನೇಲಿ ಎತ್ತಬೇಡ ಕಣೆ!"

ಸಿಟ್ಟಿಗೆ ಕಾರಣವಿತ್ತು. ಒಂದಲ್ಲ, ಎರಡು. ಮೊದಲನೆಯ ಕಾರಣ ಗುಂಡ್ಲುಪೇಟೆಯ ಬೀಗರು ಶಾಂತಮಲ್ಲಪ್ಪ. ಮಗಳು ಗುರುಸಿದ್ದಮ್ಮನನ್ನು ಅವರ ಮಗ ಶಿವರುದ್ರಸ್ವಾಮಿಗೆ ಕೊಟ್ಟು ಆ ಬೇಸಿಗೆಯಲ್ಲಷ್ಟೇ ಮದುವೆಯಾಗಿತ್ತು. ಬೀಗರ ಔತಣಕ್ಕೆ ಬಂದ ಶಾಂತಮಲ್ಲಪ್ಪನವರು ಬೆಳಿಗ್ಗೆ ಸ್ನಾನಕ್ಕೆ ಹೋದರು. ತಾತನ ಕಾಲದ ಚಪ್ಪಡಿ ಕಲ್ಲಿನ ಬಚ್ಚಲು, ಕತ್ತಲೆ, ಒಂದು ಮೂಲೆಯಲ್ಲಿ ಸ್ವಲ್ಪ ಪಾಚಿ. ಯಾರ ಮನೆಯ ಬಚ್ಚಲಲ್ಲಿ ಪಾಚಿ ಇಲ್ಲ, ಹೇಳಿ! ಆದರೆ ಬೀಗರು ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ನೆಂಟರೆಲ್ಲರ ಕಿವಿಗೆ ಬೀಳುವಂತೆ ಹೇಳಿಬಿಟ್ಟರು:

"ಬೀಗ್ರೆ, ನಿಮ್ಮ ಬಚ್ಚಲಿಗೆ ಓಗೋ ಮುಂಚೆ ಮನೇರ್ಗೆಲ್ಲ ಒಂದು ಮಾತು ಹೇಳ್ಬುಟ್ಟು ಓಗದು ಒಳ್ಳೇದು. ತಿರುಗಿ ಬರದು ಖಾತ್ರಿ ಇಲ್ಲ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುತ್ತಿದ್ದವನು ಸಾರಿನ ಸೌಟು ಹಿಡಿದುಕೊಂಡೇ ನಕ್ಕ. ನಗದೆ ಇದ್ದವಳು ಗುರುಸಿದ್ದಮ್ಮ ಒಬ್ಬಳೇ; ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಸ್ವಾಮಿಯವರ ಎದೆಗೆ ನಾಟಿದ್ದು ಅದು. ಬೀಗರ ಮನೆಯ ಬಚ್ಚಲಿಗೆ ಬಿಳಿ ಪಿಂಗಾಣಿ ಬಿಲ್ಲೆ ಹಾಸಿದ್ದರಂತೆ. ಕಲ್ಲಿಕೋಟೆಯಿಂದ ಬಂಡೀಪುರದ ಕಾಡು ದಾಟಿ ಲಾರಿಯಲ್ಲಿ ಬಂದದ್ದಂತೆ. ನೆಲದಲ್ಲಿ ಮುಖ ಕಾಣುತ್ತದಂತೆ! ಅಂಥ ಮನೆಯಲ್ಲಿ ಮಗಳು ಬಾಳಬೇಕು. ತವರಿನ ಬಚ್ಚಲು ಅವರ ಬಾಯಲ್ಲಿ ನಗೆಪಾಟಲಾದರೆ ಅವಳು ತಲೆ ಎತ್ತಿ ನಡೆಯುವುದು ಹೇಗೆ? ದೀಪಾವಳಿಗೆ ಅಳಿಯಂದಿರು ಮೊದಲ ಹಬ್ಬದ ಎಣ್ಣೆ ಸ್ನಾನಕ್ಕೆ ಬರುವವರಿದ್ದರು, ಜೊತೆಗೆ ಬೀಗರೂ. ಅಷ್ಟರಲ್ಲಿ ಈ ಬಚ್ಚಲು ಬಚ್ಚಲಾಗಿ ಉಳಿಯಕೂಡದು, ಅರಮನೆಯಾಗಬೇಕು!

ಎರಡನೆಯ ಕಾರಣವೇ ಗಾರೆ ರಾಚಯ್ಯ. ಹೇಳಿ ಕಳಿಸಿದ ಮೇಲೆ ಒಂದು ವಾರ ಬಿಟ್ಟು ಬಂದ. ಬಚ್ಚಲ ಬಾಗಿಲಲ್ಲಿ ನಿಂತು ಎಲೆಅಡಿಕೆ ಅಗಿಯುತ್ತ ನೋಡಿದ. ಕೊಟ್ಟ ಕಾಫಿ ಕುಡಿದು ಮತ್ತೆ ಎಲೆ ಹಾಕಿಕೊಂಡ. ಆಮೇಲೆ, "ಹಬ್ಬ ಆಗ್ಲಿ, ನೋಡನ," ಎಂದ.

"ಹಬ್ಬಕ್ಕೇ ಕಣಯ್ಯ ನಂಗೆ ಬೇಕಾಗಿರದು!"

"ಹಬ್ಬ ವರ್ಷ ವರ್ಷಾನೂ ಬತ್ತದೆ ಯಜಮಾನ್ರೆ. ರಾಚಯ್ಯ ಒಬ್ನೇ ಇರದು."

"ಓಹೋ! ನೀನು ಬರ್ದೆ ಇದ್ರೆ ನಮ್ಮನೆ ಕೆಲಸ ನಿಂತೋದದಾ? ನಾನೇ ಮಾಡ್ಕತೀನಿ ಓಗು!"

ರಾಚಯ್ಯ ಎಲೆಅಡಿಕೆ ಉಗಿದು ಬಂದು, ಬಾಯಿ ಒರೆಸಿಕೊಂಡು, ನಕ್ಕ. "ಮಾಡಿ, ಮಾಡಿ. ಆದ್ರೆ ಒಂದು ಮಾತು. ಆಮೇಕೆ ಅದ ಕೀಳದಕ್ಕೂ ನಾನೇ ಬರಬೇಕು. ಕಟ್ಟದಕ್ಕಿಂತ ಕೀಳದಕ್ಕೆ ನಂದು ಕೂಲಿ ಜಾಸ್ತಿ."

ಇದನ್ನು ಕೇಳಿಕೊಂಡು ಯಾವ ಮಾನವಂತ ಸುಮ್ಮನಿರುತ್ತಾನೆ? ಕಾಫಿಯನ್ನೂ ಕುಡಿದು ಹೋದನಲ್ಲ, ಅದೂ ಎರಡು ಲೋಟ!

ಮಾರನೆಯ ದಿನ ಸ್ವಾಮಿಯವರು ಮೈಸೂರಿನ ರೈಲು ಹತ್ತಿ ಬಿಳಿ ಬಿಲ್ಲೆ ತಂದರು. ಸಿಮೆಂಟಿಗೆ ಅಲೆದಾಡಿ ಪರ್ಮಿಟ್ಟು ಮಾಡಿಸಿದರು. ಮಂಡಿಯ ಹಮಾಲಿಗಳನ್ನು ಕರೆಸಿ ಹಳೆಯ ಚಪ್ಪಡಿಗಳನ್ನು ಎಬ್ಬಿಸಿದರು. ಮೂಟೆ ಎಸೆದು ಅಭ್ಯಾಸವಿದ್ದ ಹಮಾಲಿಗಳು ಚಪ್ಪಡಿಯನ್ನೂ ಮೂಟೆಯಂತೆಯೇ ಎಸೆದರು. ಇದ್ದ ಚಪ್ಪಡಿಯೆಲ್ಲ ಹಿತ್ತಲಲ್ಲಿ ಜಲ್ಲಿಯಾಯಿತು.

"ಇನ್ನು ಹಿಂದುಕ್ಕೆ ಓಗಂಗಿಲ್ಲ!" ಎಂದರು ಸ್ವಾಮಿಯವರು, ಹೆಮ್ಮೆಯಿಂದ.

"ಮುಂದುಕ್ಕೆ ಓಗೋದು ಗೊತ್ತಾ?" ಎಂದರು ಪುಟ್ಟಮಲ್ಲಮ್ಮ.

ಸ್ವಾಮಿಯವರು ಆಗಲೇ ಪಂಚೆ ಎತ್ತಿ ಕಟ್ಟಿ, ತಲೆಗೆ ಟವಲ್ಲು ಸುತ್ತಿ, ಸಿಮೆಂಟಿನ ಮೂಟೆಯ ಮುಂದೆ ಧ್ಯಾನಸ್ಥರಾಗಿದ್ದರು. ಆ ಬೂದಿಯಂಥ ಪುಡಿಯನ್ನು ನೋಡುತ್ತ ನೋಡುತ್ತ ಅವರಿಗೆ ಅನುಮಾನ ಹುಟ್ಟಿತು. ಇದಕ್ಕೆ ಬರೀ ನೀರು, ಮರಳು ಹಾಕಿ ಕಲಸಿದರೆ ಸಾಕೇ? ಅವರ ತಾತ ಈ ಮನೆ ಕಟ್ಟಿಸಿದ್ದು ಸುಣ್ಣದ ಗಾರೆಯಲ್ಲಿ. ಆ ಗಾರೆಗೆ ಮಂಡಿಯ ಬೆಲ್ಲವನ್ನೇ ಕರಗಿಸಿ ಕುಡಿಸಿದ್ದರೆಂಬುದು ಮನೆತನದ ಪುರಾಣ. ಈಗಲೂ ಆ ಗೋಡೆಗೆ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ. ಬೆಲ್ಲ ಕುಡಿದ ಬಡ ಸುಣ್ಣವೇ ಇಷ್ಟು ಗಟ್ಟಿಯಾದರೆ, ಬೆಲ್ಲ ಕುಡಿದ ಸಿಮೆಂಟು? ಪ್ರಳಯದ ನೀರೂ ಅದನ್ನು ಅಲುಗಿಸಲಾರದು! ಈ ಮಹಾಸತ್ಯ ಇಷ್ಟು ವರ್ಷ ಒಬ್ಬ ಇಂಜಿನಿಯರಿಗೂ ಹೊಳೆಯದೆ ಹೋಯಿತಲ್ಲ ಎಂದು ಅವರಿಗೆ ದೇಶದ ಮೇಲೆಯೇ ಮರುಕ ಬಂತು.

ಕುದೇರಿನ ಆಲೆಮನೆಯಿಂದ ಬಂದ ಒಳ್ಳೆಯ ಅಚ್ಚುಬೆಲ್ಲ ಮಂಡಿಯಲ್ಲಿತ್ತು. ಯಾರಿಗೂ ಕಾಣದಂತೆ ತಂದರು. ಹಿತ್ತಲಲ್ಲಿ ಕೊಪ್ಪರಿಗೆ ತುಂಬ ಪಾನಕ ಮಾಡಿದರು. ಯಾರಿಗೂ ಹೇಳಲಿಲ್ಲ, ಹೆಂಡತಿಗಂತೂ ಸುತರಾಂ ಹೇಳಲಿಲ್ಲ. ಇಂಥ ವಿದ್ಯೆ ರಾಚಯ್ಯನ ಕಿವಿಗೆ ಬಿದ್ದರೆ ಕದ್ದುಬಿಟ್ಟಾನು! ಪಾನಕದಲ್ಲಿ ಸಿಮೆಂಟು ಕಲಸಿ, ಬಳಿದು, ಬಿಲ್ಲೆ ಇಟ್ಟರು. ನೀರು ನಿಲ್ಲಬಾರದೆಂದು ಹಿತ್ತಲ ಬಾಗಿಲ ಕಡೆಗೆ ಧಾರಾಳವಾಗಿ ಇಳಿಜಾರು ಕೊಟ್ಟರು. ಅಷ್ಟು ಇಳಿಜಾರನ್ನು ಸಾಮಾನ್ಯವಾಗಿ ಗಾಡಿ ಹತ್ತಿಸುವ ದಿಬ್ಬಕ್ಕೆ ಕೊಡುತ್ತಾರೆ.

ಸಂಜೆ ಹೊತ್ತಿಗೆ ಬಚ್ಚಲು ಬೆಳ್ಳಗೆ ಫಳಫಳ ಹೊಳೆಯಿತು. ಪುಟ್ಟಮಲ್ಲಮ್ಮ ಬಂದು ಇಣುಕಿ ನೋಡಿದರು.

"ಎಂಗದೆ?" ಎಂದು ಸ್ವಾಮಿಯವರು ಮೀಸೆ ಮುಟ್ಟಿಕೊಂಡರು. ಮೀಸೆಗೂ ಸಿಮೆಂಟಾಯಿತು.

"ಚೆನ್ನಾಗೇ ಅದೆ ಕಣ್ರೀ," ಎಂದು ಆಕೆ ಒಪ್ಪಿಕೊಂಡರು. "ನಾಳೆ ಒಣಗ್ತದಾ?"

"ನಾಳೆ ಆನೆ ಬುಟ್ರೂ ಅಲ್ಲಾಡದಿಲ್ಲ!"

ನಾಳೆ ಬಂತು. ಸ್ವಾಮಿಯವರು ಬೆರಳಲ್ಲಿ ಒಂದು ಬಿಲ್ಲೆಯನ್ನು ಮೆಲ್ಲಗೆ ಒತ್ತಿದರು. ಬಿಲ್ಲೆ ಹಂಸದಂತೆ ಅತ್ತ ಸರಿಯಿತು. ನಾಳಿದ್ದು ಒತ್ತಿದರು. ಇತ್ತ ಸರಿಯಿತು. ಆಮೇಲಿನ ದಿನವೂ ಅಷ್ಟೆ. ಬೆಲ್ಲ ಬಿದ್ದರೆ ಸಿಮೆಂಟು ಗಟ್ಟಿಯಾಗುವುದೇ ಇಲ್ಲವೆಂದು ತಿಳಿಯದ ಸ್ವಾಮಿಯವರು ಬೆಲ್ಲ ಕಡಿಮೆಯಾಯಿತೆಂದು ತೀರ್ಮಾನಿಸಿದರು! ಬಿಲ್ಲೆಗಳನ್ನೆಲ್ಲ ಎಬ್ಬಿಸಿ, ಹೊಸದಾಗಿ ಇನ್ನೂ ಗಟ್ಟಿ ಪಾಕದಲ್ಲಿ ಕಲಸಿ, ಮತ್ತೆ ಹಾಸಿದರು.

ಮನೆಯವರ ಪಾಡು ಕೇಳಬೇಡಿ. ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ತುತ್ತು ಗಂಟಲಲ್ಲಿಳಿಯುವುದಿಲ್ಲ, ಅಂಥ ಮನೆತನ. ಬೆಳಗಾದರೆ ಗಂಡ ಹೆಂಡತಿ ಇಬ್ಬರೂ ಬಟ್ಟೆ ಹೆಗಲಿಗೆ ಹಾಕಿಕೊಂಡು, ಬೀದಿ ದಾಟಿ, ಎದುರು ಮನೆಯ ನಂಜುಂಡಪ್ಪನವರ ಬಚ್ಚಲಿಗೆ ಹೋಗಬೇಕಾಯಿತು. ನಂಜುಂಡಪ್ಪನವರು ಜಗಲಿಯಲ್ಲಿ ಕೂತು ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದರು:

"ಇನ್ನೂ ಒಣಗಲಿಲ್ವಾ ಸ್ವಾಮೇರೆ?"

ಕೇಳುವುದರಲ್ಲೇನು ತಪ್ಪು ಎನ್ನಬಹುದು ನೀವು. ಆದರೆ ಆ ದನಿ! ಕಾಯಿಲೆಯವರನ್ನು ವಿಚಾರಿಸುವ ದನಿ! ಸ್ವಾಮಿಯವರಿಗೆ ಮೈ ಉರಿದುಹೋಗುತ್ತಿತ್ತು. ಅವರ ಬಿಸಿನೀರಲ್ಲೇ ಮಿಂದು ಅವರನ್ನೇ ಬೈಯುವ ಹಾಗಿಲ್ಲ. ಆದ್ದರಿಂದ ಸಿಟ್ಟೆಲ್ಲ ಸಿಮೆಂಟಿನ ಮೇಲೆ ತಿರುಗಿತು.

"ಸಿಮೆಂಟೇ ಕಲಬೆರಕೆ ಕಣೆ! ಪರ್ಮಿಟ್ಟು ಕೊಟ್ಟು ಬೂದಿ ಮಾರ್ತಾವ್ರೆ! ಮರಳು ಸರಿ ಇಲ್ಲ! ಈ ಬಾವಿ ನೀರೂ ಸರಿ ಇಲ್ಲ!"

"ಕುಣೀಲಾರ್ದವಳು ನೆಲ ಡೊಂಕು ಅಂದಳಂತೆ," ಎಂದರು ಪುಟ್ಟಮಲ್ಲಮ್ಮ. "ನೀವು ನೆಲ ಮಾಡಿದೋರೆ ನೆಲ ಡೊಂಕು ಅಂತೀರಲ್ಲ!"

ಹಬ್ಬ ಹತ್ತಿರವಾದಾಗ ಗುಟ್ಟು ರಟ್ಟಾಯಿತು. ರಟ್ಟು ಮಾಡಿದ್ದು ಮನುಷ್ಯರಲ್ಲ. ಒಂದು ಮಧ್ಯಾಹ್ನ ಪುಟ್ಟಮಲ್ಲಮ್ಮ ಅಡಿಗೆಮನೆಯಿಂದ ಬರುವಾಗ ನಡುಮನೆಯಲ್ಲಿ ಒಂದು ಕಪ್ಪು ಗೆರೆ ಕಂಡರು. ಗೆರೆ ಚಲಿಸುತ್ತಿತ್ತು. ಹೊಸಿಲು ದಾಟಿ, ಕಂಬ ಸುತ್ತಿ, ದೇವರಮನೆಗೆ ದೂರದಿಂದಲೇ ಕೈಮುಗಿದು, ನೇರ ಬಚ್ಚಲಿಗೆ ಹೋಗುತ್ತಿತ್ತು. ಕಟ್ಟಿರುವೆ! ಹಿತ್ತಲ ಕಡೆಯಿಂದ ಗೊದ್ದಗಳ ದಂಡು ಬೇರೆ! ಚಾಮರಾಜನಗರದ ಸಮಸ್ತ ಇರುವೆ ಸಂಕುಲಕ್ಕೂ ಅಲ್ಲಿ ಔತಣವಿದ್ದಂತಿತ್ತು. ಆಕೆ ಬಗ್ಗಿ, ಬಿಲ್ಲೆಯ ಸಂದಿಯಿಂದ ಒಂದಿಷ್ಟು ಸಿಮೆಂಟನ್ನು ಬೆರಳಲ್ಲಿ ತೆಗೆದು, ಮೂಸಿದರು. ಸ್ವಲ್ಪ ಹೊತ್ತು ಯೋಚಿಸಿದರು. ನಾಲಿಗೆಗೂ ತಾಕಿಸಿದರು.

"ಇಲ್ಲಿ ಬನ್ನಿ!"

ಮಂಡಿಯಿಂದ ಊಟಕ್ಕೆ ಬಂದಿದ್ದ ಸ್ವಾಮಿಯವರು ಬಂದರು.

"ಸಿಮೆಂಟಿಗೆ ಬೆಲ್ಲ ಹಾಕಿದ್ದೀರಾ?"

"ಯಾರು ಹೇಳಿದ್ದು?"

"ಇರುವೆ!"

ಸ್ವಾಮಿಯವರು ಜಗ್ಗಲಿಲ್ಲ. ತಾತ, ಸುಣ್ಣ, ಬಾಗಿದ ಮೊಳೆ, ಎಲ್ಲವನ್ನೂ ಸವಿಸ್ತಾರವಾಗಿ ವಿವರಿಸಿದರು. ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಕೊನೆಗೆ, "ನಿಮ್ಮ ತಾತ ಗಾರೆಗೆ ಹಾಕಿದ್ರು, ಸರಿ. ಮೆತ್ತಿದ್ದು ಯಾರು? ಗಾರೆಯೋರು ತಾನೆ? ನಿಮ್ಮ ತಾತ ಮಂಡೀಲಿ ಕೂತು ಬೆಲ್ಲ ಮಾರ್ಕೊಂಡಿದ್ರು!" ಎಂದು ಹೇಳಿ, ಇರುವೆಯ ದಾರಿಗೆ ಅರಿಸಿನ ಹಾಕಲು ಹೋದರು.

ಈಗ ಮಾಡುವುದೇನು? ರಾಚಯ್ಯನ ಕಾಲು ಹಿಡಿಯಬೇಕೆ? ಪ್ರಾಣ ಹೋದರೂ ಆಗದು! ಸ್ವಾಮಿಯವರು ಕೊನೆಯ ಉಪಾಯ ಹೂಡಿದರು. ಬಿಲ್ಲೆಗಳ ಸಂದಿಗೆಲ್ಲ ಒಣ ಸಿಮೆಂಟು ಉದುರಿಸಿ, ಕಬ್ಬಿಣದ ಬಾಣಲೆಯಲ್ಲಿ ಕೆಂಡ ತಂದಿಟ್ಟು, ಬೀಸಣಿಗೆ ಹಿಡಿದು ಕೂತರು. ಮೇಲೆ ತೆಳ್ಳಗೆ ಒಂದು ಪದರ ಕಟ್ಟಿತು. ಬೆರಳಲ್ಲಿ ಒತ್ತಿದರೆ ಬಿಲ್ಲೆ ಅಲುಗಲಿಲ್ಲ. ಮೆಲ್ಲಗೆ ಕಾಲಿಟ್ಟರು. ಅಲುಗಲಿಲ್ಲ! ಗಂಗಾಧರಸ್ವಾಮಿಯವರು ಆ ಬಿಳಿ ನೆಲದ ಮೇಲೆ ಒಂಟಿಕಾಲಲ್ಲಿ ನಿಂತು ನಕ್ಕರು.

"ಒಣಗಿತು ಕಣೇ! ನೋಡು ಬಾ!"

"ನೀರು ಬಿದ್ದಿಲ್ವಲ್ಲ ಇನ್ನೂ," ಎಂದರು ಪುಟ್ಟಮಲ್ಲಮ್ಮ ಅಡಿಗೆಮನೆಯಿಂದಲೇ.

ನೀರು ತುಂಬುವ ಹಬ್ಬದ ಸಂಜೆ ಗುಂಡ್ಲುಪೇಟೆಯ ಬಸ್ಸು ಬಂತು. ಬೀಗರು ಇಳಿದರು, ಅಳಿಯಂದಿರು ಇಳಿದರು, ಹಿಂದೆ ಹೊಸ ಸೀರೆಯಲ್ಲಿ ಗುರುಸಿದ್ದಮ್ಮ. ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ವಿಭೂತಿ ಬಳಿದು, ಹೂವು ಸುತ್ತಿ, ನೀರು ತುಂಬಿದ್ದಾಗಿತ್ತು. ಸ್ವಾಮಿಯವರು ಕಾಫಿಗೂ ಮುಂಚೆ ಬೀಗರನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಲಾಟೀನು ಎತ್ತಿ ಹಿಡಿದರು. ಕಾಫಿಗೂ ಮುಂಚೆ ಬಚ್ಚಲು ತೋರಿಸಿದ ಬೀಗರು ಲೋಕದಲ್ಲಿ ಇನ್ನೊಬ್ಬರಿರಲಾರರು.

"ಭಲೆ!" ಎಂದರು ಶಾಂತಮಲ್ಲಪ್ಪ. "ಯಾರ ಕೈಲಿ ಮಾಡಿಸ್ದಿರಿ?"

"ಈ ಕೈಲಿ!" ಎಂದು ಸ್ವಾಮಿಯವರು ಎರಡು ಕೈಯನ್ನೂ ಚಾಚಿದರು.

ಗುರುಸಿದ್ದಮ್ಮನ ಮುಖ ಅರಳಿತು. "ನಮ್ಮಪ್ಪನೇ ಮಾಡಿದ್ದು," ಎಂದು ಗಂಡನ ಕಿವಿಯಲ್ಲಿ ಹೇಳಿದಳು. ಅದು ಸ್ವಾಮಿಯವರಿಗೂ ಕೇಳಿಸಿತು. ಅವರ ಕಣ್ಣು ತುಂಬಿ ಬಂತು. ಪಟ್ಟ ಪಾಡಿಗೆಲ್ಲ ಇದೊಂದು ಮಾತು ಸಾಕಾಗಿತ್ತು. ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಬೆಳಗಿನ ಜಾವ ಎಣ್ಣೆ ಶಾಸ್ತ್ರ. ಪುಟ್ಟಮಲ್ಲಮ್ಮ ಅಳಿಯಂದಿರ ನೆತ್ತಿಗೆ ಹರಳೆಣ್ಣೆ ಇಟ್ಟು ಆರತಿ ಎತ್ತಿದರು. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಮಿರಮಿರ ಮಿಂಚುತ್ತಿದ್ದ ಶಿವರುದ್ರಸ್ವಾಮಿ ಚಡ್ಡಿ ತೊಟ್ಟು ಬಚ್ಚಲಲ್ಲಿ ಮಣೆಯ ಮೇಲೆ ಕೂತ. ಹೊರಗೆ ಬೀಗರಿಬ್ಬರೂ ನಿಂತಿದ್ದರು. ಹಂಡೆಯಿಂದ ಹೊಗೆಯಾಡುವ ನೀರನ್ನು ಚೊಂಬಿನಲ್ಲಿ ಎತ್ತಿ ಅಳಿಯಂದಿರು ತಲೆಗೆ ಹುಯ್ದುಕೊಂಡರು. ಒಂದು ಚೊಂಬು, ಎರಡು ಚೊಂಬು, ಆಮೇಲೆ ಧಾರಾಕಾರ.

ಶಾಂತಮಲ್ಲಪ್ಪ ಮೂಗರಳಿಸಿದರು. "ಬೀಗ್ರೆ, ಒಬ್ಬಟ್ಟಿಗೆ ಆಗ್ಲೇ ಹೂರಣ ಇಟ್ಟವ್ರಾ? ಏನು ಘಮಲು!"

"ಹೂಂ... ಹೂಂ... ಅಡಿಗೆಮನೆಯಿಂದ," ಎಂದರು ಸ್ವಾಮಿಯವರು.

"ಬಚ್ಚಲಿಂದ ಬತ್ತಾ ಅದಲ್ಲ?"

ಅಷ್ಟರಲ್ಲಿ ಒಳಗಿನಿಂದ ಅಳಿಯಂದಿರ ದನಿ ಕೇಳಿಸಿತು. ಕೂಗಲಿಲ್ಲ, ಪಾಪ. ಬಹಳ ಮರ್ಯಾದಸ್ಥ ಹುಡುಗ.

"ಮಾವ... ನಾನು ಓಯ್ತಾ ಇದ್ದೀನಿ."

"ಎಲ್ಲಿಗಪ್ಪ? ಸೀಗೆಕಾಯಿ ಹಚ್ಕಳ್ಳಿ ಮೊದ್ಲು!"

"ನಾನಾಗಿ ಓಯ್ತಾ ಇಲ್ಲ ಮಾವ. ಮಣೆ ಓಯ್ತಾ ಅದೆ!"

ಎಲ್ಲರೂ ಬಾಗಿಲಿಗೆ ನುಗ್ಗಿದರು. ಬಿಸಿನೀರಿಗೆ ಬೆಲ್ಲ ಕರಗಿತ್ತು. ಬೆಲ್ಲ ಕರಗಿದ್ದೇ ತಡ, ಮೇಲಿನ ಪದರ ಒಡೆದು, ಬಿಲ್ಲೆಗಳು ಒಂದೊಂದಾಗಿ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದವು. ಸ್ವಾಮಿಯವರು ಕೊಟ್ಟಿದ್ದ ಧಾರಾಳದ ಇಳಿಜಾರು ಉಳಿದ ಕೆಲಸ ಮಾಡುತ್ತಿತ್ತು. ಹರಳೆಣ್ಣೆ, ಸಿಮೆಂಟು, ಪಾಕ ಎಲ್ಲ ಕಲೆತ ಆ ರಾಡಿಯ ಮೇಲೆ ಅಳಿಯಂದಿರು ಮಣೆಯ ಸಮೇತ, ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡು ಕೈಯಲ್ಲೂ ಚೊಂಬು ಹಿಡಿದು, ಮೆರವಣಿಗೆಯ ದೇವರಂತೆ ನಿಧಾನವಾಗಿ ಹಿತ್ತಲ ಬಾಗಿಲಿನತ್ತ ಸಾಗುತ್ತಿದ್ದರು. ಸುತ್ತ ಬಿಳಿಯ ಬಿಲ್ಲೆಗಳು ಪರಿವಾರದಂತೆ ಹೊರಟಿದ್ದವು.

"ಹಿಡ್ಕಳ್ಳಿ! ಏನಾರ ಹಿಡ್ಕಳ್ಳಿ!" ಎಂದು ಶಾಂತಮಲ್ಲಪ್ಪ ಕೂಗಿದರು.

ಹುಡುಗ ಹಿಡಿದುಕೊಂಡದ್ದು ಹಿತ್ತಲ ಬಾಗಿಲ ಅಗುಳಿಯನ್ನು. ಎಣ್ಣೆಗೈಗೆ ಅದು ಜಾರಿ, ಬಾಗಿಲು ತೆರೆದುಕೊಂಡಿತು. ಅಳಿಯಂದಿರು ಹೊಸಿಲು ಹಾರಿ, ಬಾಳೆಗಿಡದ ಪಾತಿಯಲ್ಲಿ, ಮಣೆಯ ಮೇಲೆಯೇ ಸುಖವಾಗಿ ಬಂದು ಕೂತರು. ಪೆಟ್ಟೇನೂ ಆಗಿರಲಿಲ್ಲ. ಆದರೆ ಆ ಪಾತಿ, ಅರಿಸಿನಕ್ಕೆ ಹೆದರಿ ಓಡಿದ್ದ ಗೊದ್ದಗಳ ತಂಗುದಾಣ. ಬೆಲ್ಲದ ಪಾಕ ಬಳಿದುಕೊಂಡ ಮನುಷ್ಯ ತಾನಾಗಿ ಬಂದು ಕೂತದ್ದನ್ನು ಅವು ಹಿಂದೆಂದೂ ಕಂಡಿರಲಿಲ್ಲ!

ಆಗ ಕೂಗಿದರು ನೋಡಿ ಅಳಿಯಂದಿರು! ಎದುರು ಮನೆಯ ನಂಜುಂಡಪ್ಪನವರು ಬಿಸಿನೀರು ಸಿದ್ಧವಿದೆ ಎಂದು ತಾವಾಗಿಯೇ ಹೇಳಿ ಕಳಿಸಿದರು.

ಹೀಗೆ ಅಳಿಯನ ಮೊದಲ ದೀಪಾವಳಿಯ ಅಭ್ಯಂಜನ ಎದುರು ಮನೆಯಲ್ಲಿ ನೆರವೇರಿತು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಟ್ಟಿಯಂತೆ ಸ್ವಾಮಿಯವರು ಮಾತ್ರ ನಡುಮನೆಯಲ್ಲಿ ಇನ್ನೂ ಗುಡುಗುತ್ತಿದ್ದರು. "ತಪ್ಪು ನಂದಲ್ಲ! ಅಷ್ಟು ನೀರು ಹುಯ್ಕಂಡ್ರೆ ಯಾವ ಸಿಮೆಂಟು ನಿಂತದು?"

"ಬಚ್ಚಲಲ್ಲಿ ನೀರು ಹುಯ್ಕಳ್ದೆ ಇನ್ನೇನು ಹುಯ್ಕಬೇಕು ಬೀಗ್ರೆ?" ಎಂದು ಶಾಂತಮಲ್ಲಪ್ಪ ಕೇಳಿದರು. ಅವರು ನಗುತ್ತಿರಲಿಲ್ಲ. ಅದೇ ಸ್ವಾಮಿಯವರಿಗೆ ದಿಗಿಲು. ಬೀಗರು ನಗದಿದ್ದರೆ ಸಿಟ್ಟಾಗಿದ್ದಾರೆಂದೇ ಅರ್ಥ. ಆ ಸಿಟ್ಟು ಗುಂಡ್ಲುಪೇಟೆಗೆ ಹೋದರೆ ಅನುಭವಿಸುವವಳು ಮಗಳು. ಸ್ವಾಮಿಯವರ ಗುಡುಗು ಅಲ್ಲಿಗೆ ಅಡಗಿತು.

ಊಟಕ್ಕೆ ಎಲೆ ಹಾಕಿದರು. ಮೈಮೇಲೆಲ್ಲ ಕೆಂಪು ದದ್ದು ಎದ್ದಿದ್ದ ಅಳಿಯಂದಿರು ಎಲೆಯ ಮುಂದೆ ಕೂತು, ಕೈ ಕಟ್ಟಿಕೊಂಡರು. ಊಟ ಮುಟ್ಟಲಿಲ್ಲ. ಎಲ್ಲರಿಗೂ ಅರ್ಥವಾಯಿತು. ಮೊದಲ ಹಬ್ಬದಲ್ಲಿ ಅಳಿಯ ಹೀಗೆ ಮುನಿದು ಕೂತರೆ, ಕೇಳಿದ್ದನ್ನು ಮಾವ ಕೊಡಬೇಕು. ಅದು ಪದ್ಧತಿ.

ಸ್ವಾಮಿಯವರು ಮೊದಲ ಬಾರಿಗೆ ದನಿ ತಗ್ಗಿಸಿ ಮಾತಾಡಿದರು. "ತಪ್ಪಾಯ್ತು ಕಣಪ್ಪ. ಏನ್ ಬೇಕಾದ್ರೂ ಕೇಳಿ. ಉಂಗುರವಾ? ವಾಚಾ? ಸೈಕಲ್ಲಾ? ಇಲ್ಲ ಅನ್ನಕಿಲ್ಲ. ನನ್ನ ಮಗಳ ಮೇಲೆ ಮಾತ್ರ ಸಿಟ್ಟು ಮಡಿಕಬೇಡಿ."

"ನಿಮ್ಮ ಮಗಳ ಮೇಲೆ ಯಾಕೆ ಸಿಟ್ಟು ಮಾವ? ಉಂಗುರಾನೂ ಬ್ಯಾಡ, ವಾಚೂ ಬ್ಯಾಡ," ಎಂದ ಶಿವರುದ್ರಸ್ವಾಮಿ ತೋಳು ಕೆರೆದುಕೊಳ್ಳುತ್ತ. "ಒಂದು ಮಾತು ಕೊಡಿ, ಸಾಕು. ನಮ್ಮಪ್ಪ ಗುಂಡ್ಲುಪೇಟೇಲಿ ನಮ್ಮಿಬ್ಬರಿಗೆ ಅಂತ ಹೊಸ ಮನೆ ಶುರು ಮಾಡವ್ರೆ. ಪಾಯ ಆಗದೆ. ಅದು ಮುಗಿಯೋಗಂಟ ನೀವು ಗುಂಡ್ಲುಪೇಟೆ ಕಡೆ ಬರಬಾರದು."

ಶಾಂತಮಲ್ಲಪ್ಪನವರು ಅಷ್ಟು ಹೊತ್ತೂ ತಡೆದಿದ್ದ ನಗೆಯನ್ನು ಇನ್ನು ತಡೆಯಲಾರದೆ ಉತ್ತರೀಯವನ್ನು ಬಾಯಿಗೆ ಒತ್ತಿಕೊಂಡರು.

"ಕೊಟ್ಟೆವು ಕಣಪ್ಪ!" ಎಂದರು ಪುಟ್ಟಮಲ್ಲಮ್ಮ, ಗಂಡನ ಮುಖವನ್ನೂ ನೋಡದೆ, ಅಳಿಯನ ಎಲೆಗೆ ತುಪ್ಪ ಬಡಿಸುತ್ತ.

ಸ್ವಾಮಿಯವರಿಗೆ ರೇಗಿತು. ಇದೇನು ಅನ್ಯಾಯ! ಹೆತ್ತ ತಂದೆಗೆ ಮಗಳ ಮನೆಯ ದಾರಿ ಮುಚ್ಚುವುದೆ? ಯಾರಿಗಾಗಿ ಇಷ್ಟೆಲ್ಲ ಮಾಡಿದ್ದು? ಅವರು ನ್ಯಾಯಕ್ಕಾಗಿ ಮಗಳ ಕಡೆ ತಿರುಗಿದರು. "ನೋಡಮ್ಮಿ, ನಿನ್ನ ಗಂಡ ಏನಂತಾನೆ! ನೀನಾರ ಹೇಳು!"

ಗುರುಸಿದ್ದಮ್ಮ ಅಪ್ಪನ ಹತ್ತಿರ ಬಂದು, ಬೆಳಗಿನ ರಾಡಿಯಲ್ಲಿ ಅವರ ಮೀಸೆಗೆ ಸಿಡಿದಿದ್ದ ಸಿಮೆಂಟನ್ನು ಸೆರಗಿನ ತುದಿಯಿಂದ ಅಕ್ಕರೆಯಿಂದ ಒರೆಸಿದಳು.

"ಬೇಜಾರು ಮಾಡ್ಕಬೇಡ ಕಣಪ್ಪ," ಎಂದಳು. "ಹೊಸ ಮನೆ ಬಚ್ಚಲು ಪೂರ್ತಿ ಒಣಗಿದ್ಮೇಲೆ ನಾನೇ ಕಾಗದ ಬರೀತೀನಿ. ಆಗ ಬಾ."